ಗೆರೆಯ ಮೇಲೆ ಕೂರದ ಚುಕ್ಕೆ

1997 ನವೆಂಬರ್ 3, ಸೋಮವಾರ

ಇವತ್ತು ನಮ್ಮ ಹೆಡ್‌ಮೇಡಂ ಪಾರ್ವತಮ್ಮನವರು ನನ್ನ ತಲೆಯ ಮೇಲೆ ಕಲ್ಲು ಹೇರಿದರು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಬ್ಯಾಂಕ್ ಕೆಲಸ ಸಿಕ್ಕಿತೆಂದು ದೀಪಾವಳಿ ರಜೆಯಲ್ಲೇ ಹೇಳದೆ ಕೇಳದೆ ಹೊರಟುಹೋಗಿದ್ದಾರೆ. "ಮಧುಮತಿ, ಒಂಬತ್ತನೇ ಬಿ ಗಣಿತ ನೀವೇ ತಗೊಳ್ಳಿ. ಬಿಎಸ್ಸಿ ಮಾಡಿದೀರಲ್ಲ" ಎಂದರು ಹೆಡ್‌ಮೇಡಂ. ನಾನು ಮಾಡಿದ ಬಿಎಸ್ಸಿಯಲ್ಲಿ ಸಸ್ಯ, ಪ್ರಾಣಿ, ರಸಾಯನ ಬಿಟ್ಟರೆ ಇನ್ನೇನೂ ಇರಲಿಲ್ಲ. ಕಪ್ಪೆಯ ಹೊಟ್ಟೆ ಕೊಯ್ಯಿ ಅಂದರೆ ಕಣ್ಣು ಮುಚ್ಚಿಕೊಂಡು ಕೊಯ್ಯುತ್ತೇನೆ. ಭಿನ್ನರಾಶಿ ಕಂಡರೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತದೆ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಕೋಲೆ ಬಸವನ ಹಾಗೆ ತಲೆಯಾಡಿಸಿ ಬಂದೆ.

ತಲೆಯಾಡಿಸದೆ ಮಾಡುವುದಾದರೂ ಏನು? ನನ್ನದು ಇನ್ನೂ ಪರೀಕ್ಷಾರ್ಥ ನೇಮಕ. ಇದೇ ತಿಂಗಳು ಇಪ್ಪತ್ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬರುತ್ತಾರೆ. ಅವರ ವರದಿ ನೋಡಿಕೊಂಡು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನ. ಊರಿನಿಂದ ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದ್ದರು: "ಒಂದ್ ವರ್ಷ ನೋಡೂಣು. ಕಾಯಂ ಆದ್ರ ಅಲ್ಲೇ ಇರು, ಇಲ್ಲಾಂದ್ರ ಸುಮ್ನ ಮನೀಗೆ ಬಾ." ನನಗೆ ಹೋಗಲು ಮನಸ್ಸಿಲ್ಲ. ಈ ಊರಿನ ಬಸ್ಸು, ಧೂಳು, ಬನಶಂಕರಿ ಸ್ಟಾಪಿನ ನೂಕುನುಗ್ಗಲು ಎಲ್ಲವನ್ನೂ ದಿನಾ ಬೈಯುತ್ತೇನೆ, ಆದರೂ ಮನಸ್ಸಿಲ್ಲ.

ಹೆಡ್‌ಮೇಡಂ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. "ಇನ್ಸ್‌ಪೆಕ್ಟರ್ ಮೊದಲು ಕೈ ಹಾಕೋದೇ ಫೇರ್ ನೋಟ್ಸಿಗೆ. ಒಂದು ಕಾಟು ಇರಬಾರದು." ನಮ್ಮ ಶಾಲೆಯ ಫೇರ್ ನೋಟ್ಸ್ ಎಂದರೆ ದೇವರ ಪಟ ಇದ್ದ ಹಾಗೆ. ಬೋರ್ಡಿನ ಮೇಲಿದ್ದದ್ದನ್ನು ಮಕ್ಕಳು ಮೊದಲು ರಫ್ ಪುಸ್ತಕಕ್ಕೆ ಇಳಿಸಿಕೊಂಡು, ಮನೆಯಲ್ಲಿ ಚೆಂದದ ಅಕ್ಷರದಲ್ಲಿ ಫೇರ್ ನೋಟ್ಸಿಗೆ ಬರೆದು, ಮುಖ್ಯವಾದದ್ದಕ್ಕೆ ಕೆಂಪು ಶಾಯಿಯ ಚೌಕ ಹಾಕಿ, ನಮ್ಮ ಸಹಿ ಪಡೆಯಬೇಕು. ತಪ್ಪಾಯಿತೆಂದು ಒಂದು ಪದಕ್ಕೆ ಗೀಟು ಹೊಡೆದರೂ ಇಡೀ ಪಾಠ ಮತ್ತೆ ಬರೆಯಬೇಕು.

ನಲವತ್ನಾಲ್ಕು ರಾಕ್ಷಸರು. ಹೊಸ ಮೇಷ್ಟ್ರು ಬೇಗ ಸಿಗಲಪ್ಪಾ ಎಂದು ಬನಶಂಕರಿಗೆ ಹರಕೆ ಹೊತ್ತಿದ್ದೇನೆ.

ನವೆಂಬರ್ 5, ಬುಧವಾರ

ಎರಡು ದಿನ ಹಾಜರಿ ಕರೆಯುವುದರಲ್ಲಿ, ಪುಸ್ತಕಕ್ಕೆ ರಟ್ಟು ಹಾಕಿಸುವುದರಲ್ಲಿ, "ಹಳೇ ಪಾಠ ಎಲ್ಲಿಗೆ ಬಂದಿತ್ತು" ಎಂದು ವಿಚಾರಿಸುವುದರಲ್ಲಿ ಕಳೆದೆ. ಕೊನೆಯ ಬೆಂಚಿನ ಮನೋಜ ಎದ್ದು, "ಮೇಡಂ, ಯಾವಾಗ ಪಾಠ ಶುರು ಮಾಡ್ತೀರ?" ಎಂದ. ಕಲಿಯುವ ಆಸೆಯಿಂದಲ್ಲ, ನಾನು ಕಾಲ ತಳ್ಳುತ್ತಿರುವುದು ಅವನಿಗೆ ಗೊತ್ತಾಗಿದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಮುಂದಿನ ಪಾಠ ಗ್ರಾಫ್. ತಲೆನೋವು.

ನವೆಂಬರ್ 10, ಸೋಮವಾರ

ಗೆದ್ದೆ!

ಶನಿವಾರ, ಭಾನುವಾರ ಎರಡೂ ದಿನ ಗೈಡ್ ಹಿಡಿದು ಕೂತಿದ್ದೆ. ವಿಷಯ ಇಷ್ಟೆ. 2x + 3y = 12 ಎಂಬಂಥ ಒಂದು ಸಮೀಕರಣ ಇರುತ್ತದೆ. ಗ್ರಾಫ್ ಹಾಳೆಯಲ್ಲಿ ಅದೊಂದು ನೇರ ಗೆರೆ. ಆ ಗೆರೆ ಅಡ್ಡಲಾಗಿರುವ x ಅಕ್ಷವನ್ನು ಎಲ್ಲಿ ಕತ್ತರಿಸುತ್ತದೋ ಆ ದೂರ x-ಇಂಟರ್ಸೆಪ್ಟ್. ಲಂಬವಾಗಿರುವ y ಅಕ್ಷವನ್ನು ಕತ್ತರಿಸುವ ದೂರ y-ಇಂಟರ್ಸೆಪ್ಟ್. ಎರಡೂ ಗೊತ್ತಾದರೆ ಸ್ಕೇಲ್ ಇಟ್ಟು ಎಳೆದರಾಯಿತು. ಗೈಡಿನಲ್ಲಿ ಒಂದನ್ನು ಸೊನ್ನೆ ಮಾಡಿ ಇನ್ನೊಂದನ್ನು ಕಂಡುಹಿಡಿಯಿರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾರೆ. ಯಾವುದನ್ನು ಎಂದು ನಾನೇ ಯೋಚಿಸಿದೆ. ಹೆಸರಿನಲ್ಲೇ ಇದೆಯಲ್ಲ! x-ಇಂಟರ್ಸೆಪ್ಟ್ ಬೇಕಾದರೆ x ಸೊನ್ನೆ, y-ಇಂಟರ್ಸೆಪ್ಟ್ ಬೇಕಾದರೆ y ಸೊನ್ನೆ.

ಬೋರ್ಡಿನ ಮೇಲೆ ಬರೆದೆ. x ಸೊನ್ನೆ ಹಾಕಿದರೆ 3y = 12, ಉತ್ತರ ನಾಲ್ಕು. ಆದ್ದರಿಂದ x-ಇಂಟರ್ಸೆಪ್ಟ್ ನಾಲ್ಕು. y ಸೊನ್ನೆ ಹಾಕಿದರೆ 2x = 12, ಉತ್ತರ ಆರು. y-ಇಂಟರ್ಸೆಪ್ಟ್ ಆರು. ಅಡ್ಡಗೆರೆಯ ನಾಲ್ಕರಿಂದ ಲಂಬಗೆರೆಯ ಆರಕ್ಕೆ ಗೆರೆ ಎಳೆದೆ. ಧ್ವನಿ ನಡುಗಲಿಲ್ಲ. "ಸೂತ್ರಕ್ಕೆ ಕೆಂಪು ಚೌಕ ಹಾಕ್ರಿ" ಎಂದೆ. ನಲವತ್ನಾಲ್ಕು ತಲೆಗಳು ಒಟ್ಟಿಗೆ ಬಗ್ಗಿದವು. ಇಷ್ಟು ಸುಲಭವಾದದ್ದಕ್ಕೆ ಹೈಸ್ಕೂಲಿನಲ್ಲಿ ಅಷ್ಟು ಅತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ದಾರಿಯಲ್ಲಿ ಬೋಂಡ ಕಟ್ಟಿಸಿಕೊಂಡು ಬಂದು, ಇಲ್ಲಿ ನನ್ನ ಜೊತೆಗಿರುವ ಅಣ್ಣನಿಗೂ ಕೊಟ್ಟೆ.

ನವೆಂಬರ್ 12, ಬುಧವಾರ

ನಲವತ್ನಾಲ್ಕೂ ಫೇರ್ ನೋಟ್ಸಿಗೆ ಸಹಿ ಹಾಕಿ ಮುಗಿಸಿದೆ. ಎಷ್ಟು ಚೆಂದ ಬರೆದಿದ್ದಾರೆ! ಇನ್ಸ್‌ಪೆಕ್ಟರ್ ಬರಲಿ, ನೋಡಲಿ.

ಒಂದೇ ಕಿರಿಕಿರಿ. ಇಟ್ಟಮಡುವಿನಿಂದ ಬರುವ ವಾರಿಜಾ ಎಂಬ ಹುಡುಗಿ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂಥವಳು, ಪುಸ್ತಕ ಹಿಡಿದು ಮೇಜಿನ ಹತ್ತಿರ ಬಂದಳು. "ಮೇಡಂ, ಇದೊಂದು ಚುಕ್ಕೆ ಗೆರೆ ಮೇಲೆ ಕೂರ್ತಿಲ್ಲ." ಏನಪ್ಪಾ ಎಂದು ನೋಡಿದರೆ, ತಾನೇ ಒಂದು ಲೆಕ್ಕ ಹೂಡಿದ್ದಾಳೆ. x ಮೂರು, y ಎರಡು ಎಂದುಕೊಂಡರೆ ಎರಡು ಮೂರಲಿ ಆರು, ಮೂರು ಎರಡಲಿ ಆರು, ಒಟ್ಟು ಹನ್ನೆರಡು ಬರುತ್ತದೆ. ಹಾಗಾದರೆ ಆ ಚುಕ್ಕೆಯೂ ಇದೇ ಗೆರೆಯ ಮೇಲೆ ಇರಬೇಕು. ಆದರೆ ಇರಲಿಲ್ಲ, ಅರ್ಧ ಚೌಕದಷ್ಟು ಮೇಲಿತ್ತು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಬದಲು ರೇಗಿದೆ. "ಪೆನ್ಸಿಲ್ ನೋಡು, ಮೊಂಡು ಮೂಗಿನ ಹಾಗೆ ಐತಿ. ಸರಿಯಾಗಿ ಕಣ್ಣು ಬಿಟ್ಟು ಎಳೆದ್ರ ಕೂರ್ತದ. ಎಲ್ಲಾರಿಗೂ ಬಂದದ್ದು ನಿನಗೊಬ್ಬಾಕಿಗೆ ಯಾಕ ಬರಂಗಿಲ್ಲ?" ಎಂದೆ. ಸಿಟ್ಟು ಬಂದರೆ ನನಗೆ ಊರ ಮಾತೇ ಬರುತ್ತದೆ. ಹುಡುಗರು ನಕ್ಕರು. ಅವಳ ಪುಸ್ತಕದಲ್ಲಿ 'ಮತ್ತೆ ಎಳೆಯುವುದು' ಎಂದು ಬರೆದು ಕಳಿಸಿದೆ.

ನವೆಂಬರ್ 13, ಗುರುವಾರ

ವಾರಿಜಾ ಮತ್ತೆ ಎಳೆದು ತಂದಿದ್ದಳು. ಈಗ ಚುಕ್ಕೆ ಗೆರೆಗೆ ತಾಗಿದೆ. ಸ್ವಲ್ಪ ದಪ್ಪವಾಗಿದೆ, ಸಾಸಿವೆ ಕಾಳಿನಷ್ಟು. ಇರಲಿ. ಸಹಿ ಹಾಕಿದೆ.

ನವೆಂಬರ್ 16, ಭಾನುವಾರ

ಅಯ್ಯೋ.

ಮೊದಲಿನಿಂದ ಬರೆಯುತ್ತೇನೆ. ನಾವು ಬಾಡಿಗೆಗಿರುವ ಮನೆಯ ಯಜಮಾನರು ತಿಮ್ಮರಾಯಪ್ಪನವರು. ಬಿಟಿಎಂ ಲೇಔಟ್ ಆಗುವ ಮೊದಲು ಇಲ್ಲೇ ಅವರೆ, ರಾಗಿ ಬೆಳೆಯುತ್ತಿದ್ದವರು. ಅವರದು ಮೂಲೆ ಸೈಟು, ಒಂದು ಕಡೆ ಮೇನ್ ರೋಡು, ಇನ್ನೊಂದು ಕಡೆ ಕ್ರಾಸ್ ರೋಡು. ಗಾಡಿಗಳು ತಿರುಗುವಾಗ ಕಾಂಪೌಂಡಿಗೆ ಗುದ್ದುತ್ತವೆಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ ಹೊಸ ಗೋಡೆ ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆ ನಾನು ಬಟ್ಟೆ ಒಣಗಿಸುತ್ತಿದ್ದೆ. ಕೆಳಗೆ ಗಾರೆ ಕೆಲಸದವನು ದಾರ ಹಿಡಿದು ತಬ್ಬಿಬ್ಬಾಗಿ ನಿಂತಿದ್ದ.

"ಯಜಮಾನ್ರೇ, ಈ ತುದಿ ಮೇನ್ ರೋಡಿಂದ ಎಷ್ಟು ಒಳಕ್ಕೆ ಇಡ್ಲಿ?"

ತಿಮ್ಮರಾಯಪ್ಪನವರಿಗೆ ಸಿಟ್ಟು ಬಂತು. "ಲೇ, ಮೇನ್ ರೋಡ್ ಮೇಲೇ ಗೂಟ ಹೊಡೀತಾ ಇದೀಯ, ಒಳಕ್ಕೆ ಅನ್ನೋದೆಲ್ಲಿಂದ ಬಂತು? ಒಳಕ್ಕೆ ಸೊನ್ನೆ! ಮೂಲೆಯಿಂದ ರೋಡ್ ಉದ್ದಕ್ಕೆ ಎಂಟಡಿ ಅಳಿ, ಹೊಡಿ. ಆಮೇಲೆ ಕ್ರಾಸ್ ರೋಡಿಗೆ ಹೋಗು. ಅಲ್ಲಿ ಮೂಲೆಯಿಂದ ಐದಡಿ. ಎರಡು ಗೂಟಕ್ಕೂ ದಾರ ಕಟ್ಟು. ಅಷ್ಟೆ ತಾನೆ?"

ನನ್ನ ಕೈಯಲ್ಲಿ ಅಣ್ಣನ ಷರ್ಟು ಹಾಗೇ ಉಳಿಯಿತು. ಮೇನ್ ರೋಡು x ಅಕ್ಷ ಅಂದುಕೊಂಡರೆ, ಆ ರೋಡಿನ ಉದ್ದಕ್ಕೆ ಅಳೆಯುವುದು x, ರೋಡಿನಿಂದ ಒಳಕ್ಕೆ ಅಳೆಯುವುದು y. ಮೇನ್ ರೋಡ್ ಮೇಲೇ ನಿಂತವನಿಗೆ ಒಳಕ್ಕೆ ಸೊನ್ನೆ. ಅಂದರೆ y ಸೊನ್ನೆ. x-ಇಂಟರ್ಸೆಪ್ಟಿಗೆ ಸೊನ್ನೆ ಮಾಡಬೇಕಾದ್ದು x ಅಲ್ಲ, y.

ಒದ್ದೆ ಕೈಯಲ್ಲೇ ಒಳಗೆ ಓಡಿ ಗ್ರಾಫ್ ಹಾಳೆ ತೆಗೆದು ಎಳೆದೆ. ಅಡ್ಡಗೆರೆಯ ಮೇಲೆ ಆರು, ಲಂಬಗೆರೆಯ ಮೇಲೆ ನಾಲ್ಕು. ಮೂರು-ಎರಡರ ಚುಕ್ಕೆ ಇಟ್ಟೆ. ಗೆರೆಯ ಮೇಲೆ ಸರಿಯಾಗಿ ಕೂತುಬಿಟ್ಟಿತು.

ನಾನು ಕಲಿಸಿದ್ದು ಉಲ್ಟಾ. ನಲವತ್ನಾಲ್ಕು ಪುಸ್ತಕದಲ್ಲಿ, ಕೆಂಪು ಚೌಕದೊಳಗೆ, ನನ್ನ ಸಹಿಯ ಸಮೇತ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ.

ನವೆಂಬರ್ 17, ಸೋಮವಾರ

ಹೇಳಲಿಲ್ಲ. ತರಗತಿಗೆ ಹೋಗಿ ಶೇಕಡಾ ಲೆಕ್ಕ ಮತ್ತೊಮ್ಮೆ ಮಾಡಿಸಿ ಬಂದೆ.

ನಿನ್ನೆ ಅಣ್ಣನ ಹತ್ತಿರ ಅತ್ತುಕೊಂಡಿದ್ದೆ. ಮೌನೇಶಣ್ಣ ಕೊರಿಯರ್ ಆಫೀಸಿನಲ್ಲಿರುವವನು, ತಪ್ಪು ವಿಳಾಸಕ್ಕೆ ಹೋದ ಲಕೋಟೆ ದಿನಾ ನೋಡಿ ನೋಡಿ ಮನಸ್ಸು ಕಲ್ಲಾಗಿದೆ. "ಯಾರಿಗೆ ತಿಳೀತೈತಿ? ಇಪ್ಪತ್ನಾಲ್ಕಕ್ಕ ಸಾಹೇಬ್ರು ಬಂದು ಹೋಗ್ಲಿ. ಇಪ್ಪತ್ತೈದಕ್ಕ ತಿದ್ದು. ಒಂದು ವಾರದಾಗ ಏನ್ ಮುಳುಗಿ ಹೋಗ್ತೈತವಾ?" ಎಂದ. ಮಾತು ಸರಿಯಾಗೇ ಕಂಡಿತು. ಈಗ ತಿದ್ದಿದರೆ ಫೇರ್ ನೋಟ್ಸ್ ತುಂಬಾ ಕಾಟು. ಮುಚ್ಚಿಟ್ಟರೆ ಪುಸ್ತಕ ಚೆಂದ, ಕೆಲಸ ಖಾಯಂ. ಕೈ ಹಾಕಿ ಕೆಡಿಸಿಕೊಳ್ಳುವುದು ಯಾಕೆ ಎಂದು ನಿರ್ಧರಿಸಿ ಬೆಳಿಗ್ಗೆ ಬಸ್ಸು ಹತ್ತಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ವಾರಿಜಾಳ ತಂದೆ ಬಂದರು. ಇಟ್ಟಮಡುವಿನಲ್ಲಿ ಸೈಕಲ್ ಷಾಪ್ ಇದೆಯಂತೆ. ಕೈಗೆಲ್ಲ ಗ್ರೀಸು, ಒಳಗೆ ಬರಲು ಸಂಕೋಚ, ಬಾಗಿಲಲ್ಲೇ ನಿಂತರು.

"ಮೇಡಂ, ನಮ್ಮ್ ಹುಡುಗೀನ ಮೊದಲನೇ ಬೆಂಚಲ್ಲಿ ಕೂರಿಸ್ತೀರಾ? ಅವಳಿಗೆ ಕಣ್ಣು ಸರಿಯಾಗಿ ಕಾಣಿಸ್ತಿಲ್ಲ ಅನ್ಸುತ್ತೆ."

"ಯಾಕ್ರಿ, ಏನಾಯ್ತು?"

"ಎಲ್ಲರಿಗೂ ಗೆರೆ ಮೇಲೆ ಕಾಣೋ ಚುಕ್ಕೆ ಅವಳಿಗೆ ಮೇಲಕ್ಕೆ ಕಾಣುತ್ತಂತೆ. ನಾಲ್ಕು ಸಲ ಎಳೆದಳು ಮೇಡಂ, ಅತ್ಕೊಂಡು. ಕೊನೆಗೆ ಚುಕ್ಕೇನೇ ದಪ್ಪ ಮಾಡಿ ಮುಟ್ಟಿಸಿದಳು. ನಮ್ಮಮ್ಮಂಗೂ ಕಣ್ಣು ಹಿಂಗೇ ಶುರುವಾಗಿ ಹೋಗಿದ್ದು. ಶನಿವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಮುಂದೆ ಕೂರಿಸಿದ್ರೆ..."

"ಆಯ್ತು ರೀ, ಕೂರಿಸ್ತೀನಿ" ಎಂದೆ. ಅಷ್ಟೇ ಹೇಳಿದೆ. ಅವರು ಕೈ ಮುಗಿದು ಹೋದರು. ಅವರು ಮುಗಿದ ಆ ಕೈ ನೆನಪಾದಾಗಲೆಲ್ಲ ಮೈ ಕುಗ್ಗುತ್ತಿದೆ. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ವಾಪಸ್ ತಂದೆ.

ನವೆಂಬರ್ 18, ಮಂಗಳವಾರ

ಇವತ್ತೂ ಹೇಳಲಿಲ್ಲ. ವಾರಿಜಾ ಮೊದಲನೇ ಬೆಂಚಿನಲ್ಲಿ ಕೂತು ಕಣ್ಣು ಕಿರಿದು ಮಾಡಿ ಬೋರ್ಡು ನೋಡುತ್ತಿದ್ದಳು.

ನವೆಂಬರ್ 19, ಬುಧವಾರ

ಹೇಳಿಬಿಟ್ಟೆ.

ಹಾಜರಿ ಕೂಡ ಕರೆಯಲಿಲ್ಲ, ಕರೆದಿದ್ದರೆ ಧೈರ್ಯ ಹೋಗುತ್ತಿತ್ತು. ಸೀಮೆಸುಣ್ಣ ತೆಗೆದುಕೊಂಡು ಎರಡು ಗೆರೆ ಎಳೆದು, ಅಡ್ಡಗೆರೆಗೆ 'ಮೇನ್ ರೋಡ್', ಲಂಬಗೆರೆಗೆ 'ಕ್ರಾಸ್ ರೋಡ್' ಎಂದು ಬರೆದೆ. ಆಮೇಲೆ ತಿರುಗಿ, "ಹೋದ ವಾರ ಸೋಮವಾರ ನಾನು ನಿಮಗೆ ತಪ್ಪು ಹೇಳಿಕೊಟ್ಟೆ" ಎಂದೆ. ಮೇಡಂ ತಪ್ಪು ಎನ್ನುವುದು ಅವರು ಕೇಳಿದ ಮಾತೇ ಅಲ್ಲ.

"ಮೇನ್ ರೋಡ್ ಮೇಲೆ ನಿಂತಿದ್ದೀರಿ. ಮೇನ್ ರೋಡಿಂದ ಎಷ್ಟು ದೂರ ಇದ್ದೀರಿ?"

ಮನೋಜ, "ದೂರ ಎಲ್ಲಿ ಮೇಡಂ, ಅಲ್ಲೇ ನಿಂತಿದೀವಲ್ಲ. ಸೊನ್ನೆ" ಎಂದ.

"ಆ ದೂರಕ್ಕೆ ಹೆಸರೇನು, x ಅಥವಾ y?"

"y... ಅಯ್ಯೋ ಮೇಡಂ! ಹಂಗಾದ್ರೆ ನಾವು ಉಲ್ಟಾ ಮಾಡಿದೀವಿ!"

"ನೀವಲ್ಲ, ನಾನು."

ಅಲ್ಲಿಂದ ಸಂತೆ. ಎಲ್ಲರೂ ತಮ್ಮ ತಮ್ಮ ಮನೆಯನ್ನು ಬೋರ್ಡಿನ ಮೇಲೆ ಕೂರಿಸತೊಡಗಿದರು. ಪದ್ಮನಾಭನಗರದವಳೊಬ್ಬಳು ತಮ್ಮ ಮನೆ ಕ್ರಾಸಿನಲ್ಲಿದೆ, ಆದ್ದರಿಂದ ತನ್ನ x ಸೊನ್ನೆ ಎಂದಳು. ಕುಮಾರಸ್ವಾಮಿ ಲೇಔಟಿನವನು ತಾನು ಮೂಲೆ ಮನೆಯವನು, ತನಗೆ ಎರಡೂ ಸೊನ್ನೆ ಎಂದು ಎದೆಯುಬ್ಬಿಸಿದ. "ಪರೀಕ್ಷೇಲೂ ನಿಂಗೆ ಎರಡು ಸೊನ್ನೇನೇ ಮಗಾ" ಎಂದು ಮನೋಜ ಕೂಗಿದ. ನನಗೂ ನಗು ತಡೆಯಲಾಗಲಿಲ್ಲ.

ಗೆರೆ ಎಳೆದೆ. ಮೇನ್ ರೋಡಿನ ಆರರಿಂದ ಕ್ರಾಸ್ ರೋಡಿನ ನಾಲ್ಕಕ್ಕೆ. ಆಮೇಲೆ ವಾರಿಜಾಳನ್ನು ಕರೆದು ಅವಳ ಚುಕ್ಕೆ ಇಡಿಸಿದೆ. ಕೂತಿತು. "ವಾರಿಜಾ ಒಬ್ಬಳು ಸರಿಯಾಗಿ ನೋಡಿದ್ದಳು. ನಾನು ಅವಳನ್ನ ಬೈದೆ. ತಪ್ಪಾಯ್ತು ವಾರಿಜಾ" ಎಂದೆ.

ಅವಳು ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. "ಹಂಗಾದ್ರೆ ನನ್ನ ಕಣ್ಣು ಚೆನ್ನಾಗಿದೆಯಾ ಮೇಡಂ?"

"ಇಡೀ ಶಾಲೆಯಲ್ಲೇ ಚೆನ್ನಾಗಿರೋ ಕಣ್ಣು ನಿಂದೇ" ಎಂದೆ. ಬೋರ್ಡಿನ ಕಡೆ ತಿರುಗಿ ಏನೋ ಒರೆಸಿದ ಹಾಗೆ ಮಾಡಿದೆ.

ಪುಸ್ತಕದ ಗತಿ ಏನು? ಪಾಠ ಮತ್ತೆ ಬರೆಯಿರಿ ಎಂದಿದ್ದರೆ ನಲವತ್ನಾಲ್ಕು ಜನ ನನ್ನ ತಪ್ಪಿಗೆ ಆರು ಪುಟ ಬರೆಯಬೇಕಿತ್ತು. "ಸ್ಕೇಲ್ ಇಟ್ಟು ಒಂದೇ ಗೀಟು ಹೊಡೀರಿ. ಕೆಳಗೆ ಸರಿಯಾದದ್ದು ಬರೀರಿ" ಎಂದೆ. "ಮೇಡಂ, ಫೇರ್ ನೋಟ್ಸಿಗೆ ಕಾಟಾ!" ಎಂದು ಹೌಹಾರಿದರು. ಹೌದು ಎಂದಮೇಲೆ ಎಷ್ಟು ಸಂತೋಷದಿಂದ ಹೊಡೆದರು! ಪ್ರತಿಯೊಂದು ಗೀಟಿನ ಪಕ್ಕದಲ್ಲೂ ನಾನು 'ತಪ್ಪು ನನ್ನದು' ಎಂದು ಬರೆದು ಸಹಿ ಮಾಡಿದೆ, ಮನೆಯಲ್ಲಿ ಮಕ್ಕಳನ್ನು ಯಾರೂ ಬೈಯದಿರಲಿ ಎಂದು. ನಲವತ್ನಾಲ್ಕನೆಯದು ಮುಗಿಯುವಾಗ ಬೆರಳು ಮರಗಟ್ಟಿತ್ತು.

ಸಂಜೆ ಇಟ್ಟಮಡುವಿಗೆ ಹೋಗಿ ಸೈಕಲ್ ಷಾಪಿನಲ್ಲೇ ನಿಂತು ವಾರಿಜಾಳ ತಂದೆಗೂ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪಂಕ್ಚರ್ ಹಾಕುತ್ತಿದ್ದ ಟ್ಯೂಬು ಬಿಟ್ಟು ಎದ್ದು, "ಅಬ್ಬಾ ಸದ್ಯ, ಕಣ್ಣಲ್ವಲ್ಲ" ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಟೀ ತರಿಸಿದರು.

ಹಸಿವಾಗಿದೆ. ಮೂರು ದಿನದ ಮೇಲೆ ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ.

ನವೆಂಬರ್ 20, ಗುರುವಾರ

ಸುದ್ದಿ ಹೆಡ್‌ಮೇಡಂ ಕಿವಿಗೆ ಬಿತ್ತು. ಮೇಜಿನ ಮೇಲೆ ಮನೋಜನ ಫೇರ್ ನೋಟ್ಸ್ ತೆರೆದಿಟ್ಟುಕೊಂಡಿದ್ದರು. ಎಲ್ಲರಿಗಿಂತ ದಪ್ಪ ಗೀಟು ಹೊಡೆದವನೇ ಅವನು.

"ಏನಿದು ಮಧುಮತಿ? ಇಪ್ಪತ್ತೆರಡು ವರ್ಷದಲ್ಲಿ ಈ ಶಾಲೆ ಫೇರ್ ನೋಟ್ಸಲ್ಲಿ ಇಂಥದ್ದು ನಾನು ನೋಡಿಲ್ಲ. ಅದರ ಮೇಲೆ ನಿಮ್ಮ ಸಹಿ ಬೇರೆ! ಹಾಳೆ ಕೀಳಿಸಿ, ಭಾನುವಾರದೊಳಗೆ ಮತ್ತೆ ಬರೆಸಿ."

"ಮೇಡಂ, ತಪ್ಪು ನಂದು. ಮಕ್ಕಳ ಕೈಲಿ ಬರೆಸೋದು..." ಎಂದು ತಡವರಿಸಿದೆ. ಆಮೇಲೆ ನೆಟ್ಟಗೆ ಹೇಳಿದೆ: "ಬರೆಸೋದಿಲ್ಲ ಮೇಡಂ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದ್ರೆ ಸೋಮವಾರ ಅವರು ಏನಾದ್ರೂ ಬರೆದ್ರೆ ನಿಮ್ಮ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ. ತಿಳ್ಕೊಳ್ಳಿ."

ತಿಳಿದುಕೊಂಡೆ. ಮುಂದಿನ ಪೀರಿಯಡ್ಡು ಒಂಬತ್ತನೇ ಬಿ. ಒಳಗೆ ಹೋದ ಕೂಡಲೇ ಮನೋಜ, "ಮೇಡಂ, ಇನ್ನೊಂದು ಕೊಡಿ, ಸಖತ್ತಾಗಿರೋದು" ಎಂದ. ಹನ್ನೊಂದು ಲೆಕ್ಕ ಮಾಡಿದೆವು. ಗಂಟೆ ಹೊಡೆದದ್ದೇ ತಿಳಿಯಲಿಲ್ಲ.

ನವೆಂಬರ್ 22, ಶನಿವಾರ

ಸಂಜೆ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿ, ಬರಬೇಕಾದೀತು ಎಂದು ಅಪ್ಪನಿಗೆ ಹೇಳಿದೆ. "ಬಾರವಾ, ಮನೀ ಇದ್ದಲ್ಲೇ ಐತಿ" ಎಂದರು. ಅಷ್ಟು ಮೆತ್ತಗೆ ಮಾತಾಡಿದ್ದಕ್ಕೆ ಇನ್ನಷ್ಟು ಅಳು ಬಂತು. ಅಣ್ಣ, "ನಾ ಹೇಳಿದ್ ಕೇಳಿದ್ರ..." ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ.

ಅಳುತ್ತಲೇ ಸೋಮವಾರಕ್ಕೆ ಹತ್ತು ಲೆಕ್ಕ ಬರೆದಿಟ್ಟಿದ್ದೇನೆ. ಸುಲಭದ್ದು ಆರು, ಭಿನ್ನರಾಶಿಯದು ನಾಲ್ಕು. ಭಿನ್ನರಾಶಿಯವೇ ಚೆನ್ನಾಗಿವೆ.

ನವೆಂಬರ್ 24, ಸೋಮವಾರ

ಇನ್ಸ್‌ಪೆಕ್ಟರ್ ಹೆಸರು ಕರಿಬಸವಯ್ಯ. ಬಿಳಿ ಸಫಾರಿ, ಜೇಬಿನಲ್ಲಿ ಎರಡು ಪೆನ್ನು. ಹೆಡ್‌ಮೇಡಂ ಅವರ ಹಿಂದೆಯೇ ಬಂದು ಬಾಗಿಲ ಪಕ್ಕ ನಿಂತರು. ಇನ್ಸ್‌ಪೆಕ್ಟರ್ ಬಂದವರೇ ಮೊದಲನೇ ಬೆಂಚಿನ ಫೇರ್ ನೋಟ್ಸ್ ಎತ್ತಿಕೊಂಡರು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ ತಿರುವಿ, ಸರಿಯಾಗಿ ಅಲ್ಲಿಗೇ ಬಂದು ನಿಂತರು.

"'ತಪ್ಪು ನನ್ನದು, ಮಧುಮತಿ.' ಯಾರು ಮಧುಮತಿ?"

"ನಾನೇ ಸಾರ್. ಇಂಟರ್ಸೆಪ್ಟ್ ತಪ್ಪು ಹೇಳಿಕೊಟ್ಟಿದ್ದೆ. ಆಮೇಲೆ ತಿದ್ದಿಸಿದೆ."

"ಹೂಂ" ಎಂದರು. ಆ ಹೂಂನಲ್ಲಿ ನನ್ನ ಟ್ರಂಕು, ಹಾಸಿಗೆ, ಊರಿನ ಬಸ್ಸು ಎಲ್ಲ ಕಂಡವು. ಅವರು ಬೋರ್ಡಿನ ಹತ್ತಿರ ಹೋಗಿ 5x + 2y = 20 ಎಂದು ಬರೆದರು. "ಈಗ ನೋಡೋಣ. x-ಇಂಟರ್ಸೆಪ್ಟ್ ಬೇಕು. x ಸೊನ್ನೆ ಹಾಕಿದ್ರೆ 2y ಇಪ್ಪತ್ತು. ಅಲ್ಲಿಗೆ ಹತ್ತು. x-ಇಂಟರ್ಸೆಪ್ಟ್ ಹತ್ತು. ಸರಿ ತಾನೇ ಮಕ್ಕಳೇ?"

"ಇಲ್ಲಾ ಸಾರ್!"

ನಲವತ್ನಾಲ್ಕು ಗಂಟಲು. ಕಿಟಕಿಯ ಹೊರಗಿನ ಕಾಗೆ ಹಾರಿಹೋಯಿತು. ಹೆಡ್‌ಮೇಡಂ ನನಗೆ ಕಣ್ಸನ್ನೆ ಮಾಡಿದರು, ಕೈಸನ್ನೆ ಮಾಡಿದರು, ಸುಮ್ಮನಿರಿಸಿ ಎಂದು. ಸುಮ್ಮನಿರಿಸಲು ನನಗೆ ಮನಸ್ಸೇ ಬರಲಿಲ್ಲ. ಅಷ್ಟರಲ್ಲಿ ಮನೋಜ ಎದ್ದುಬಿಟ್ಟಿದ್ದ.

"ಸಾರ್, ನೀವು ಕ್ರಾಸ್ ರೋಡಲ್ಲಿ ನಿಂತ್ಕೊಂಡು ಮೇನ್ ರೋಡ್ ಅಂತಿದೀರ."

"ಏನು?"

"x ಸೊನ್ನೆ ಹಾಕಿದ್ರೆ ಕ್ರಾಸ್ ರೋಡ್ ಸಾರ್. ಮೇನ್ ರೋಡಿಗೆ ಬರ್ಬೇಕು ಅಂದ್ರೆ y ಸೊನ್ನೆ. 5x ಇಪ್ಪತ್ತು, ಅದಕ್ಕೆ ನಾಲ್ಕು."

ಕರಿಬಸವಯ್ಯನವರು ಬೋರ್ಡು ನೋಡಿದರು, ಹುಡುಗನನ್ನು ನೋಡಿದರು, ಮತ್ತೆ ಬೋರ್ಡು ನೋಡಿದರು. ಆಗ ವಾರಿಜಾ ಯಾರೂ ಕರೆಯದೆ ಎದ್ದು ಹೋದಳು. ಮೇನ್ ರೋಡಿನ ನಾಲ್ಕರಿಂದ ಕ್ರಾಸ್ ರೋಡಿನ ಹತ್ತಕ್ಕೆ ಗೆರೆ ಎಳೆದು, "x ಎರಡು, y ಐದು ಹಾಕಿದ್ರೂ ಇಪ್ಪತ್ತೇ ಬರುತ್ತೆ ಸಾರ್. ಇಲ್ಲಿಟ್ಟು ನೋಡಿ" ಎಂದು ಚುಕ್ಕೆ ಇಟ್ಟಳು. ಸಣ್ಣ ಚುಕ್ಕೆ. ಗೆರೆಯ ಮೇಲೇ ಕೂತಿತು.

"ಭೇಷ್" ಎಂದರು ಕರಿಬಸವಯ್ಯನವರು. "ನೀವು ಹೇಳ್ತೀರೋ ಇಲ್ವೋ ಪರೀಕ್ಷೆ ಮಾಡೋಣ ಅಂತ ಬೇಕೂಂತಲೇ ಹಾಗಂದೆ." ಅವರ ಕಿವಿ ಎರಡೂ ಕೆಂಪಾಗಿದ್ದವು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಪುಸ್ತಕವನ್ನು ಜೋಪಾನವಾಗಿ ಬೆಂಚಿನ ಮೇಲಿಟ್ಟು ಹೊರಟುಹೋದರು.

ಏನು ಬರೆದರೋ ಗೊತ್ತಿಲ್ಲ. ವಿಚಿತ್ರವೆಂದರೆ ನನಗೆ ಈಗ ಅದರ ಚಿಂತೆ ಅಷ್ಟಿಲ್ಲ. ನಮ್ಮ ಮಕ್ಕಳು ಹೇಗೆ ಕೂಗಿದರು!

ನವೆಂಬರ್ 26, ಬುಧವಾರ

ಕೊನೆಯ ಪೀರಿಯಡ್ಡಿಗೆ ಮೊದಲು ಹೆಡ್‌ಮೇಡಂ ಕರೆದರು. "ಬಾಗಿಲು ಹಾಕ್ಕೊಂಡು ಬನ್ನಿ" ಎಂದರು. ಬಾಗಿಲು ಹಾಕಿ ಕರೆದ ಮೇಲೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂದುಕೊಂಡೆ.

ವರದಿಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನ ಮುಂದೆ ಎರಡು ಸಾಲು. 'ಫೇರ್ ನೋಟ್ಸಿನಲ್ಲಿ ಕಾಟುಗಳಿವೆ. ಮಕ್ಕಳು ಯೋಚಿಸಿ ಉತ್ತರಿಸುತ್ತಾರೆ.'

"ಮೊದಲನೇ ಸಾಲಿಗೆ ನಾನು ಸಮಜಾಯಿಷಿ ಬರ್ಕೋತೀನಿ. ಎರಡನೇ ಸಾಲು ಈ ಶಾಲೆಗೆ ಇವತ್ತಿನವರೆಗೂ ಬಂದಿರಲಿಲ್ಲ" ಎಂದರು. ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು. ಖಾಯಂ ಪತ್ರ. ಡಿಸೆಂಬರ್ ಒಂದರಿಂದ. ಮೂರು ಸಲ ಓದಿದೆ, ಮೂರು ಸಲವೂ ನನ್ನ ಹೆಸರೇ ಇತ್ತು.

"ಗಣಿತದ ಮೇಷ್ಟ್ರಿಗೆ ಜಾಹೀರಾತು ಕೊಡ್ತೀನಿ. ಜೂನಿಂದ ನೀವು ನಿಮ್ಮ ಜೀವಶಾಸ್ತ್ರಕ್ಕೆ ಹೋಗಬಹುದು."

"ಒಂಬತ್ತನೇ ಬಿ ನನಗೇ ಇರ್ಲಿ ಮೇಡಂ. ಅವರು ಹತ್ತನೇ ಕ್ಲಾಸಿಗೆ ಹೋದಮೇಲೂ" ಎಂದೆ. ಯಾಕೆ ಹಾಗಂದೆನೋ, ಬಾಯಿಗೆ ಬಂತು. ಥ್ಯಾಂಕ್ಸ್ ಹೇಳಿ ಏಳಲು ಹೋದೆ.

"ಕೂತ್ಕೊಳ್ಳಿ."

ಕೂತೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಡ್ರಾಯರಿನಿಂದ ಒಂದು ಗ್ರಾಫ್ ಹಾಳೆ ತೆಗೆದರು. ಅದರ ಮೇಲೆ ಪೆನ್ಸಿಲಿನಲ್ಲಿ ಎಳೆದು ಅಳಿಸಿದ, ಮತ್ತೆ ಎಳೆದು ಅಳಿಸಿದ ಗೆರೆಗಳು.

"ನಾನು ಹಿಸ್ಟರಿ ಓದಿದೋಳು ಮಧುಮತಿ. ಮೊನ್ನೆ ಮಕ್ಕಳು 'ಇಲ್ಲಾ ಸಾರ್' ಅಂದಾಗ ಕರಿಬಸವಯ್ಯನವರೇ ಸರಿ, ಮಕ್ಕಳು ಮರ್ಯಾದೆ ತೆಗೀತಿದಾರೆ ಅಂತ ಅಂದ್ಕೊಂಡೆ. ಎರಡು ದಿನದಿಂದ ಎಳೀತಾ ಇದೀನಿ. ಆ x ಬೇಕಾದ್ರೆ y ಯಾಕೆ ಸೊನ್ನೆ ಆಗ್ಬೇಕು? ಇಪ್ಪತ್ತೆರಡು ವರ್ಷ ಹೆಡ್‌ಮೇಡಂ ಆಗಿ ಇದನ್ನ ಯಾರನ್ನ ಕೇಳ್ಲಿ?"

ನನಗೆ ನಗು ಬರಲಿಲ್ಲ. ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡೆ. "ಮೇಡಂ, ಈ ಮೇಜಿನ ಅಂಚು ಮೇನ್ ರೋಡು ಅಂದ್ಕೊಳ್ರಿ. ಆ ಅಂಚು ಕ್ರಾಸ್ ರೋಡು" ಎಂದು ಶುರು ಮಾಡಿ, ಅವರ ಬೆರಳನ್ನೇ ಅಂಚಿನ ಮೇಲೆ ನಡೆಸಿದೆ. ಮೊದಲನೆಯದು ತಪ್ಪಿದರು. ಎರಡನೆಯದೂ ತಪ್ಪಿದರು. ಅಳಿಸಲು ರಬ್ಬರ್ ಹುಡುಕಿದರು. "ಅಳಿಸಬ್ಯಾಡ್ರಿ ಮೇಡಂ, ಗೀಟು ಹೊಡೀರಿ, ಎಲ್ಲಿ ತಪ್ಪಿತು ಅಂತ ಕಾಣ್ತಿರಬೇಕು" ಎಂದೆ. ಪಾರ್ವತಮ್ಮ ಮೇಡಂ ನನ್ನ ಮುಖ ನೋಡಿದರು, ಸ್ಕೇಲ್ ತೆಗೆದುಕೊಂಡು ಗೀಟು ಹೊಡೆದರು.

ಮೂರನೆಯದು ಸರಿ ಬಂತು. ತಾವೇ ಇನ್ನೊಂದು ಚುಕ್ಕೆ ಇಟ್ಟು ನೋಡಿದರು, ಕೂತಿತು. ಅಷ್ಟರಲ್ಲಿ ಕೊನೆಯ ಪೀರಿಯಡ್ಡಿನ ಗಂಟೆ ಹೊಡೆಯಿತು. ನಾನು ಎದ್ದೆ.

"ಒಂದು ನಿಮಿಷ ಇರಿ" ಎಂದರು ಹೆಡ್‌ಮೇಡಂ, ಹಾಳೆಯಿಂದ ತಲೆ ಎತ್ತದೆ. "ಇನ್ನೊಂದು ಕೊಟ್ಟು ಹೋಗಿ. ಸ್ವಲ್ಪ ಕಷ್ಟದ್ದು."